ಶಿವನಂಜಮ್ಮನ ವಾಪಸ್ ದಾರಿ

೧೯೮೭ನೇ ಇಸವಿ ಫೆಬ್ರವರಿ ಹದಿನೇಳು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಶಿವನಂಜಮ್ಮ ಥರ್ಮಾಮೀಟರ್ ಕಾರ್ಖಾನೆಯ ಗೇಟು ದಾಟಿ ಮನೆಗೆ ಹೊರಟರು. ಮನೆ ಗೇಟಿನ ಎದುರಿಗೇ ಇತ್ತು. ನಡುವೆ ಇದ್ದದ್ದು ಹದಿನೆಂಟು ಮೀಟರ್ ಅಗಲದ ರಸ್ತೆ. ಆಚೆ ಬದಿಯಲ್ಲಿ ಕಿಟಕಿ ತೆರೆದಿತ್ತು. ಒಳಗೆ ಮಂಚದ ಮೇಲೆ ಮಗಳು ಮಂಗಳಾ ಹೆರಿಗೆ ನೋವಿನಲ್ಲಿ ಕೂಗುವುದು ಈಚೆಗೆ ಚೆನ್ನಾಗಿ ಕೇಳುತ್ತಿತ್ತು. ಶಿವನಂಜಮ್ಮನ ವಾಪಸ್ ದಾರಿ ಆ ದಿನ ಏಳು ಸಾವಿರದ ಏಳುನೂರ ಇಪ್ಪತ್ತೆರಡು ಮೀಟರ್ ಇತ್ತು. ಜನವರಿಯಲ್ಲಿ ಅದನ್ನು ಅಳತೆ ಮಾಡಿಸಿದವನು ನಾನೇ ಆದ್ದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ.

ನಮ್ಮೂರಿನಲ್ಲಿ ಸಂಬಳದ ರಜೆಯನ್ನು ತೆಗೆದುಕೊಳ್ಳದೆ ಬಿಟ್ಟರೆ, ಬಿಟ್ಟ ಒಂದೊಂದು ದಿನಕ್ಕೂ ಕೆಲಸದಿಂದ ಮನೆಗೆ ಮರಳುವ ದಾರಿ ಇಪ್ಪತ್ತನಾಲ್ಕು ಮೀಟರ್ ಬೆಳೆಯುತ್ತದೆ. ಬಿಟ್ಟವರಿಗೆ ಮಾತ್ರ, ಮರಳುವಾಗ ಮಾತ್ರ. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿ ಎಲ್ಲರಿಗೂ ಇದ್ದಷ್ಟೇ ಇರುತ್ತದೆ. ಸಂತೆಗೆ, ಸಿನೆಮಾಕ್ಕೆ, ಆಸ್ಪತ್ರೆಗೆ ಹೋಗುವ ದಾರಿಗೂ ಏನೂ ಆಗುವುದಿಲ್ಲ. ಹಾಗಾಗಿ ಉದ್ದ ದಾರಿಯವರ ಮನೆಮಂದಿ ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚುಗಳ ಮೇಲೆ ಬುತ್ತಿ ಬಿಚ್ಚಿಕೊಂಡು, ಅಲ್ಲೇ ಗಂಡ ಹೆಂಡತಿ ಮಕ್ಕಳು ಸೇರಿ ಉಂಡು, ಆಮೇಲೆ ದುಡಿಯುವವರನ್ನು ಅವರ ದಾರಿಗೆ ಬಿಟ್ಟು ತಾವು ಮುಂಚೆ ಮನೆ ಸೇರುವುದು ರೂಢಿ. ಹೆಣ್ಣು ಕೊಡುವವರು ಹುಡುಗನ ವಿದ್ಯೆ, ಸಂಬಳ ಕೇಳಿದ ಮೇಲೆ ವಾಪಸ್ ದಾರಿ ಎಷ್ಟು ಎಂದು ಕೇಳುತ್ತಾರೆ. ಗಾಡಿ ಹತ್ತಿದರೆ ಪ್ರಯೋಜನವಿಲ್ಲ. ಆಟೋ ಮನೆ ಮುಂದೆ ನಿಲ್ಲುತ್ತದೆ, ಹಿಂದಿನ ಸೀಟು ಖಾಲಿ ಇರುತ್ತದೆ. ಕೂತಿದ್ದವರು ಹೊರಟ ಜಾಗದಲ್ಲೇ ನಿಂತಿರುತ್ತಾರೆ. ನಡೆದೇ ತೀರಿಸಬೇಕು. ನಾನು ಪುರಸಭೆಯ ಅಳತೆ ವಿಭಾಗದಲ್ಲಿದ್ದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನಿಗೆ ಊರಲ್ಲಿ ಇದ್ದದ್ದು ಆ ಒಂದೇ ಕೆಲಸ. ಕೋಲಿನ ತುದಿಗೆ ಕೂರಿಸಿದ ಅಳತೆಯ ಚಕ್ರವನ್ನು ನಾನೇ ತಳ್ಳಿದರೆ ಅದು ಇದ್ದ ದೂರವನ್ನಷ್ಟೇ ತೋರಿಸುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಜನವರಿಯಲ್ಲಿ, ಅವರವರ ಕೈಗೇ ಚಕ್ರ ಕೊಟ್ಟು ತಳ್ಳಿಸಿ, ಬಂದ ಅಂಕಿಯನ್ನು ಬರೆದುಕೊಳ್ಳುತ್ತಿದ್ದೆ.

ಶಿವನಂಜಮ್ಮ ಕಾರ್ಖಾನೆಗೆ ಸೇರಿ ಇಪ್ಪತ್ತೆರಡು ವರ್ಷ. ವರ್ಷಕ್ಕೆ ಹದಿನೈದು ದಿನ ರಜೆ. ಅಷ್ಟೂ ವರ್ಷಗಳಲ್ಲಿ ಅವರು ತೆಗೆದುಕೊಂಡದ್ದು ಒಂಬತ್ತು: ಮಾವನವರು ತೀರಿಕೊಂಡಾಗ ಐದು, ಮಗಳ ಮದುವೆಗೆ ನಾಲ್ಕು. ಅವರ ಕೆಲಸ ಗೀಟು ಹಾಕುವುದು. ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಮೂವತ್ತೇಳು ಡಿಗ್ರಿಯ ನೀರಿನಲ್ಲಿ ಅದ್ದಿ, ಪಾದರಸ ನಿಂತ ಕಡೆ ಅರದಿಂದ ಒಂದು ಗೀಟು. ನಲವತ್ತೊಂದರ ನೀರಿನಲ್ಲಿ ಅದ್ದಿ ಇನ್ನೊಂದು. ನಡುವಿನ ಗೀಟುಗಳನ್ನೆಲ್ಲ ಯಂತ್ರ ಹಾಕುತ್ತದೆ, ಆದರೆ ಈ ಎರಡು ತಪ್ಪಿದರೆ ಎಲ್ಲವೂ ತಪ್ಪು. ‘ನಾನೊಂದಿನ ಬರದೇ ಹೋದ್ರೆ ಊರಿಗೆಲ್ಲ ಸುಳ್ಳು ಜ್ವರ ಬರುತ್ತೆ ಸಾರ್’ ಎಂದು ಅವರು ನನಗೆ ಹೇಳುತ್ತಿದ್ದರು. ತಮಾಷೆಯ ಧಾಟಿಯಲ್ಲಿ ಹೇಳುತ್ತಿದ್ದರೂ ನಂಬಿದ್ದರು. ಕಾರ್ಖಾನೆಯವರೂ ಪ್ರತಿ ವರ್ಷ ಅತಿ ಉದ್ದ ದಾರಿಯವರಿಗೆ ಹಾರ ಹಾಕಿ ಸ್ಟೀಲಿನ ಡಬರಿ ಕೊಡುತ್ತಿದ್ದರು. ಶಿವನಂಜಮ್ಮನ ಅಟ್ಟದ ಮೇಲೆ ಅಂಥವು ಏಳಿದ್ದವು. ದಾರಿ ಐದು ಕಿಲೋಮೀಟರ್ ಸಮೀಪಿಸಿದಾಗ ಅವರ ಗಂಡ ಪುಟ್ಟಬಸಪ್ಪ, ತಮ್ಮ ಹೊಲಿಗೆ ಯಂತ್ರ ಎತ್ತಿಕೊಂಡು, ಗೇಟಿನ ಎದುರಿನ ಮನೆಯನ್ನೇ ಬಾಡಿಗೆಗೆ ಹಿಡಿದರು. ಅದರಿಂದ ಕಡಿಮೆಯಾದದ್ದು ಹಳೆಯ ಮನೆಯ ದೂರ ಮಾತ್ರ. ಬೆಳೆದದ್ದು ಬೆಳೆದಷ್ಟೇ ಉಳಿಯಿತು. ಒಂದು ಲಾಭವೆಂದರೆ ಮಾತಿಗೆ ದೂರವಿರಲಿಲ್ಲ. ಸಂಜೆ ಐದೂವರೆಗೆ ಶಿವನಂಜಮ್ಮ ಗೇಟಿನಲ್ಲಿ ನಿಂತು ‘ಅನ್ನಕ್ಕಿಟ್ರಾ?’ ಎಂದು ಕೂಗುತ್ತಿದ್ದರು. ‘ಈಗ್ಲೇ ಇಟ್ರೆ ಅಂಟಾಗುತ್ತೆ, ಆರೂವರೆಗಿಡ್ತೀನಿ, ನೀನು ಹೊರಡು’ ಎಂದು ಆಚೆಯಿಂದ ಉತ್ತರ ಬರುತ್ತಿತ್ತು. ಅವರು ಹೊಸ್ತಿಲು ದಾಟುವಾಗ ಏಳು ಗಂಟೆ ಮೀರಿರುತ್ತಿತ್ತು.

ಮಂಗಳಾ ಹೆರಿಗೆಗೆಂದು ಬಂದದ್ದು ಜನವರಿ ಕೊನೆಗೆ. ಎರಡು ವರ್ಷದ ಹಿಂದೆ ಗಂಡನ ಊರಿನಲ್ಲಿ ಅವಳ ಮೊದಲ ಮಗು ಎಂಟನೇ ತಿಂಗಳಿಗೇ ಹುಟ್ಟಿ ಎರಡು ದಿನ ಬದುಕಿತ್ತು. ಆಗ ತವರಿನವರು ಯಾರೂ ಹತ್ತಿರ ಇರಲಿಲ್ಲ. ಈ ಸಲ ಅವಳು ಕೇಳಿಕೊಂಡದ್ದು ಒಂದೇ. ಪುಟ್ಟಬಸಪ್ಪ ಅದನ್ನು ಆಮೇಲೆ ನನಗೆ ಹೇಳಿದರು. ‘ಅಮ್ಮಾ, ನೀನೇನೂ ಮಾಡ್ಬೇಡ. ಪಕ್ಕದಲ್ಲಿ ಕೂತು ಕೈ ಹಿಡ್ಕೊ, ಅಷ್ಟೇ’ ಎಂದಳಂತೆ. ‘ಹಿಡ್ಕೋತೀನಿ ಕಣೇ, ನಾನೆಲ್ಲಿಗ್ ಹೋಗ್ತೀನಿ?’ ಎಂದರೆ, ‘ಫ್ಯಾಕ್ಟ್ರಿಗೆ’ ಎಂದಳಂತೆ. ಪುಟ್ಟಬಸಪ್ಪ ಅದೇ ಸಮಯವೆಂದು, ‘ಒಂದ್ ತಿಂಗ್ಳು ರಜ ಹಾಕೇ, ಕೊಳೀತಾ ಬಿದ್ದಿದೆಯಲ್ಲ’ ಎಂದು ಸೇರಿಸಿದ್ದರು. ಶಿವನಂಜಮ್ಮ ಇದನ್ನು ಆಗಲೇ ಲೆಕ್ಕ ಹಾಕಿಟ್ಟಿದ್ದರು. ‘ಇಪ್ಪತ್ತೈದಕ್ಕೆ ಆಸ್ಪತ್ರೆಗೆ ಸೇರಿಸ್ತೀವಿ. ಹೆರಿಗೆ ಅಲ್ಲೇ ಆಗುತ್ತೆ. ಆಸ್ಪತ್ರೆಗೆ ದಾರಿ ಉದ್ದ ಆಗಲ್ಲವಲ್ಲ, ಸುದ್ದಿ ಬಂದ ತಕ್ಷಣ ಗೇಟಿಂದ ಆಟೋ ಹತ್ತಿದ್ರೆ ಹತ್ತು ನಿಮಿಷ. ಅದಕ್ಯಾಕೆ ರಜ?’ ಊರಿನಲ್ಲಿ ಬಹಳ ಜನ ಹೀಗೆಯೇ ಮಾಡುತ್ತಿದ್ದರು. ಮನೆಯಲ್ಲಿ ನಡೆಯಬೇಕಾದದ್ದನ್ನು ಮನೆಯ ಹೊರಗೆ ಇಟ್ಟುಕೊಂಡರೆ ರಜೆ ಉಳಿಯುತ್ತದೆ ಎಂಬ ಲೆಕ್ಕ. ನಾಮಕರಣಗಳು ಛತ್ರದಲ್ಲಿ, ಜಗಳಗಳು ಪಾರ್ಕಿನಲ್ಲಿ.

ನೋವು ಎಂಟು ದಿನ ಮೊದಲೇ ಬಂತು. ಅಳತೆ ವಿಭಾಗದ ಪರವಾಗಿ ಪ್ರತಿ ಮಂಗಳವಾರ ಕಾರ್ಖಾನೆಗೆ ಕೊಳವೆಗಳ ಪರೀಕ್ಷೆಗೆ ಹೋಗುತ್ತಿದ್ದ ನಾನು ಆಗ ಶಿವನಂಜಮ್ಮನ ಮೇಜಿನ ಪಕ್ಕದಲ್ಲೇ ಇದ್ದೆ. ರಸ್ತೆಯಾಚೆಯಿಂದ ಪುಟ್ಟಬಸಪ್ಪನ ಕೂಗು ಬಂತು: ‘ಏ ನಂಜೂ! ನೀರು ಹೋಗ್ಬಿಡ್ತು ಕಣೇ! ಬಾರೇ!’ ಶಿವನಂಜಮ್ಮ ಕೈಯಲ್ಲಿದ್ದ ಕೊಳವೆಗೆ ಗೀಟು ಹಾಕಿ, ಅದನ್ನು ಹತ್ತಿಯ ಮೇಲಿಟ್ಟು, ಎದ್ದರು. ಗೇಟಿಗೆ ಬರುವಷ್ಟರಲ್ಲಿ ಆಸ್ಪತ್ರೆಗೆಂದು ಕರೆಸಿದ ಆಟೋ ಮನೆ ಮುಂದೆ ನಿಂತಿತ್ತು, ಪಕ್ಕದ ಬೀದಿಯ ನರ್ಸ್ ಕ್ರಿಸ್ತೀನಾ ಒಳಗೆ ಹೋಗಿದ್ದರು. ಎರಡೇ ನಿಮಿಷದಲ್ಲಿ ಹೊರಗೆ ಬಂದು ಆಟೋದವನಿಗೆ, ‘ಹೋಗಪ್ಪ ನೀನು. ಇವಳನ್ನ ಅಲ್ಲಾಡಿಸೋ ಹಾಗಿಲ್ಲ, ಇಲ್ಲೇ ಆಗುತ್ತೆ’ ಎಂದರು. ಈ ಮಾತು ಈಚೆ ಗೇಟಿಗೂ ಕೇಳಿಸಿತು. ಶಿವನಂಜಮ್ಮ ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಇಳಿದರು.

ಉದ್ದ ದಾರಿಯವರು ನಡೆಯುವುದನ್ನು ಹೊರಗಿನಿಂದ ನೋಡುವುದು ನಮಗೆ ಹೊಸತಲ್ಲ. ಅವರು ದಾಪುಗಾಲು ಹಾಕುತ್ತಿರುತ್ತಾರೆ, ಬೆವರುತ್ತಿರುತ್ತಾರೆ, ಆದರೆ ನಮ್ಮ ಕಣ್ಣಿಗೆ ನಿಮಿಷಕ್ಕೆ ಒಂದು ಗೇಣು ಮುಂದೆ ಬರುತ್ತಾರೆ. ಪಕ್ಕದಲ್ಲಿ ಜೊತೆಗೆ ಹೋಗಬೇಕೆಂದರೆ ನಾವು ನಿಂತುಕೊಂಡೇ ಇದ್ದು, ಆಗಾಗ ಪಾದ ಸರಿಸಬೇಕು. ನಾನು ಹಾಗೆ ಜೊತೆಗೆ ನಿಂತೆ. ಜೇಬಿನಲ್ಲಿ ಟೇಪು ಇತ್ತು. ಆ ರಸ್ತೆಯ ಒಂದು ಮೀಟರ್ ಎಂದರೆ ಅವರಿಗೆ ನಾನೂರ ಇಪ್ಪತ್ತೊಂಬತ್ತು ಮೀಟರ್. ಮೊದಲು ಅವರು ಓಡಿದರು. ನಲವತ್ತೆಂಟು ವಯಸ್ಸಿನ, ಇಪ್ಪತ್ತೆರಡು ವರ್ಷ ಕೂತು ಕೆಲಸ ಮಾಡಿದ ಮೈ. ಐನೂರು ಮೀಟರಿಗೆ ಪಕ್ಕೆ ಹಿಡಿದುಕೊಂಡಿತು. ಆಮೇಲೆ ಬಿರುಸಾಗಿ ನಡೆದರು. ಸೈಕಲ್ಲು, ಎಮ್ಮೆ, ಸೊಪ್ಪಿನ ಗಾಡಿ ಎಲ್ಲವೂ ಅವರನ್ನು ಬಳಸಿಕೊಂಡು ಹೋದವು.

‘ಮಂಗ್ಳಾ, ಬಂದೆ ಕಣೇ!’

‘ಎಲ್ಲಿದೀಯಮ್ಮಾ?’

‘ಇಲ್ಲೇ, ರಸ್ತೇಲಿ.’

‘ರಸ್ತೇಲಿ ಎಲ್ಲಿ?’

ಶಿವನಂಜಮ್ಮ ನನ್ನ ಕಡೆ ತಿರುಗಿ ‘ಎಷ್ಟಾಯ್ತು ಸಾರ್?’ ಎಂದು ಮೆಲ್ಲಗೆ ಕೇಳಿದರು. ನಾನು ಟೇಪು ನೋಡಿ, ‘ಎರಡು ಸಾವಿರ’ ಎಂದೆ. ಅವರು ಕಿಟಕಿಗೆ, ‘ಅರ್ಧ ಮುಗೀತು ಕಣೇ!’ ಎಂದು ಕೂಗಿದರು. ‘ಸುಳ್ಳು ಹೇಳ್ಬೇಡ’ ಎಂದಿತು ಕಿಟಕಿ. ಮರುಕ್ಷಣ ಮಾತು ನರಳಾಟವಾಯಿತು. ಶಿವನಂಜಮ್ಮ ನಡೆಯುತ್ತಲೇ ಹೇಳತೊಡಗಿದರು: ಉಸಿರು ಬಿಗಿ ಹಿಡಿಬೇಡ, ಬಾಯಿಂದ ಬಿಡು, ಸಿಸ್ಟರ್ ಹೇಳ್ದಾಗ ಮಾತ್ರ ಮುಕ್ಕು, ಹಲ್ಲು ಕಚ್ಚಬೇಡ. ಉಸಿರಿನ ವಿಷಯ ಹೇಳುತ್ತ ಅವರಿಗೇ ಉಸಿರು ಸಾಲದೆ ಅರ್ಧಕ್ಕೆ ನಿಲ್ಲುತ್ತಿತ್ತು. ಒಳಗಿನಿಂದ ಕ್ರಿಸ್ತೀನಾ ಸಿಸ್ಟರ್, ‘ಶಿವನಂಜಮ್ನೋರೇ, ಹೆರಿಗೆ ನಾನ್ ಮಾಡಿಸ್ತೀನಿ, ನೀವು ನಡೀರಿ’ ಎಂದು ಗದರಿದರು. ಐದು ಸಾವಿರದ ಹತ್ತಿರ ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿತು. ಎರಡನ್ನೂ ನನ್ನ ಕೈಗೆ ಕೊಟ್ಟು ಬರಿಗಾಲಿನಲ್ಲಿ ನಡೆದರು. ಹನ್ನೊಂದು ನಲವತ್ತರ ಡಾಂಬರು ಆಗಲೇ ಕಾದಿತ್ತು. ‘ಅಮ್ಮಾ, ಬಾ’ ಎಂದು ಮಂಗಳಾ ಕರೆಯುತ್ತಿದ್ದಳು. ಮೊದಮೊದಲು ನೋವು ಬಂದಾಗಲೆಲ್ಲ ಕರೆಯುತ್ತಿದ್ದವಳು ಆಮೇಲೆ ಕರೆಯುವುದನ್ನೇ ಬಿಟ್ಟಳು. ಶಿವನಂಜಮ್ಮ ಮಾತ್ರ ‘ಬಂದೆ, ಬಂದೆ’ ಎನ್ನುವುದನ್ನು ನಿಲ್ಲಿಸಲಿಲ್ಲ.

ಹನ್ನೊಂದು ಐವತ್ತೆಂಟಕ್ಕೆ ಮಗು ಹೊರಗೆ ಬಂತು. ಇದು ಗೊತ್ತಾದದ್ದು ‘ಬಂತು’ ಎಂದು ಸಿಸ್ಟರ್ ಹೇಳಿದ್ದರಿಂದ, ಅಳುವಿನಿಂದಲ್ಲ. ಅಳು ಕೇಳಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ಬಾಗಿಲು ಇದ್ದದ್ದು ಒಂಬತ್ತು ಅಡಿಯಲ್ಲಿ. ಶಿವನಂಜಮ್ಮನಿಗೆ ಅದು ಇನ್ನೂ ಸಾವಿರದ ಇನ್ನೂರು ಮೀಟರಿನಷ್ಟು. ಅವರು ನನ್ನ ಕಡೆ ನೋಡಲಿಲ್ಲ, ಕಾಲು ಮಾತ್ರ ಬೀಸುತ್ತಿದ್ದರು. ನಲವತ್ತೈದನೇ ಸೆಕೆಂಡಿಗೆ ಒಳಗೆ ಯಾರೋ ಸೀನಿದಂತಾಯಿತು, ಅದರ ಹಿಂದೆಯೇ ಅಳು. ಶಿವನಂಜಮ್ಮ ನಿಂತರು. ಒಂದು ಗಂಟೆ ಹದಿನೆಂಟು ನಿಮಿಷದಲ್ಲಿ ಅವರು ನಿಂತದ್ದು ಅದೊಂದೇ ಸಲ.

ಸ್ವಲ್ಪ ಹೊತ್ತಿಗೆ ಪುಟ್ಟಬಸಪ್ಪ ಬಿಳಿ ಪಂಚೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ‘ಹೆಣ್ಮಗು ಕಣೇ! ತಡಿ, ನಾನೇ ತರ್ತೀನಿ’ ಎಂದು ರಸ್ತೆಗೆ ಒಂದು ಕಾಲು ಇಟ್ಟರು. ಅವರಿಗೆ ಅದು ಮೂರು ಹೆಜ್ಜೆ. ‘ಒಳಗ್ ಹೋಗ್ರೀ! ಬುದ್ಧಿ ಇದೆಯೇನ್ರೀ ನಿಮಗೆ? ಹಸೀ ಕೂಸನ್ನ ಬಿಸಿಲಿಗೆ ತರ್ತಾರಾ?’ ಎಂದರು ಶಿವನಂಜಮ್ಮ. ಅವರು ಒಳಗೆ ಹೋದರು. ಇವರು ಇನ್ನೂ ಹತ್ತು ನಿಮಿಷ ನಡೆದರು.

ಹೊಸ್ತಿಲು ದಾಟಿದಾಗ ಹನ್ನೆರಡು ಗಂಟೆ ಹದಿಮೂರು ನಿಮಿಷ. ನಾನು ಚಪ್ಪಲಿ ಕೊಡಲು ಬಾಗಿಲಲ್ಲೇ ನಿಂತಿದ್ದೆ. ಮಂಗಳಾ ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದವಳು ಈ ಕಡೆ ತಿರುಗಿದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ತಿಳಿಸುವವಳಂತೆ, ‘ನಿನ್ನ ದನಿ ಕೇಳ್ತಾನೇ ಇತ್ತಮ್ಮ. ಕೈ ಸಿಗ್ಲಿಲ್ಲ’ ಎಂದಳು. ಶಿವನಂಜಮ್ಮ ಮಂಚದ ಪಕ್ಕದಲ್ಲಿ ನೆಲಕ್ಕೆ ಕೂತರು. ಆಮೇಲೆ ನನ್ನ ಕಡೆ ತಿರುಗಿ, ‘ಸಾರ್, ನಿಮ್ಮ ಪುಸ್ತಕದಲ್ಲಿ ಒಂದು ಹಾಳೆ ಹರ್ಕೊಡಿ’ ಎಂದರು.

ಒಂದು ಬಾರಿಗೆ ತೊಂಬತ್ತು ದಿನಕ್ಕಿಂತ ಹೆಚ್ಚು ರಜೆ ಕೊಡುವ ಹಾಗಿರಲಿಲ್ಲ. ಅವರು ತೊಂಬತ್ತು ಬರೆದರು. ಹಾಳೆಯನ್ನು ನಾನೇ ತೆಗೆದುಕೊಂಡು ಹೋಗಿ ಮೇಲ್ವಿಚಾರಕ ರಂಗಧಾಮಯ್ಯನವರಿಗೆ ಕೊಟ್ಟೆ. ಅವರು ಅದನ್ನು ಓದಿದವರೇ ಗೇಟಿಗೆ ಬಂದು ಆಚೆಗೆ ಕೂಗಿದರು: ‘ತೊಂಬತ್ತಾ? ಗೀಟು ಯಾರಮ್ಮಾ ಹಾಕೋದು?’ ಕಿಟಕಿಯಿಂದ, ‘ಹಸೀನಾ ಹಾಕ್ತಾಳೆ’ ಎಂದು ಉತ್ತರ ಬಂತು. ‘ಅವಳಿಗೆ ಅಷ್ಟು ಕಣ್ಣಿಲ್ಲಮ್ಮ.’ ‘ಎರಡಿವೆ, ನಾನೇ ನೋಡಿದೀನಿ.’ ಹಸೀನಾ ಆರು ವರ್ಷದಿಂದ ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಕೂತು ಕೊಳವೆ ಒರೆಸಿ ಕೊಡುತ್ತಿದ್ದಳು. ಅರ ಅವಳ ಕೈಗೆ ಒಮ್ಮೆಯೂ ಬಂದಿರಲಿಲ್ಲ. ರಂಗಧಾಮಯ್ಯ ಗೊಣಗುತ್ತ ಸಹಿ ಹಾಕಿದರು.

ಕೂಡಿಬಿದ್ದ ರಜೆಯನ್ನು ಆಮೇಲೆ ತೆಗೆದುಕೊಂಡರೆ ದಿನಕ್ಕೆ ಇಪ್ಪತ್ತನಾಲ್ಕು ಮೀಟರಿನಂತೆ ದಾರಿ ಕಳೆಯುತ್ತದೆ, ಆದರೆ ಅದಕ್ಕೆ ನಮ್ಮೂರಿನಲ್ಲಿ ಒಂದು ಕಟ್ಟುನಿಟ್ಟಿದೆ. ರಜೆಯ ದಿನ ಕೆಲಸದ ಮಾತು ಎತ್ತಿದರೆ ಆ ದಿನ ದಾರಿಯಿಂದ ಕಳೆಯುವುದಿಲ್ಲ. ಮೂರನೇ ದಿನ ಮಧ್ಯಾಹ್ನ ಮಗು ಮಲಗಿದ್ದಾಗ ಶಿವನಂಜಮ್ಮ ಗೇಟಿಗೆ ಬಂದು, ಊಟಕ್ಕೆ ಹೊರಗೆ ಬಂದಿದ್ದ ಹಸೀನಾಳನ್ನು ಹಿಡಿದರು. ಅವಳು ಎರಡೂ ಕಿವಿ ಮುಚ್ಚಿಕೊಂಡು, ‘ಅಕ್ಕಾ, ಬೇಡ, ನಿಮ್ಮ ದಿನ ಹೋಗುತ್ತೆ! ಕೂಸು ಹೇಗಿದೆ ಅದನ್ ಹೇಳಿ!’ ಎಂದಳು. ಆದರೆ ಅಷ್ಟರಲ್ಲಿ ಇವರ ಬಾಯಿಂದ ‘ನೀರು ನಲವತ್ತೊಂದಕ್ಕೆ ನಿಲ್ತಾ ಇದೆಯೇನೇ?’ ಎಂಬ ಮಾತು ಹೊರಟಾಗಿತ್ತು. ಇಪ್ಪತ್ತೆರಡನೇ ದಿನವೂ ಹೀಗೇ ಒಂದಾಯಿತು. ಮಗುವಿಗೆ ಮೈ ಬಿಸಿಯಾಗಿ ಸಿಸ್ಟರ್ ಥರ್ಮಾಮೀಟರ್ ಇಟ್ಟಾಗ, ಶಿವನಂಜಮ್ಮ ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು ‘ಈ ಗೀಟು ಯಾರದು?’ ಎಂದರಂತೆ. ‘ಮೊದ್ಲು ಜ್ವರ ನೋಡ್ರೀ, ಆಮೇಲೆ ಗೀಟು’ ಎಂದರಂತೆ ಸಿಸ್ಟರ್. ಉಳಿದ ದಿನಗಳಲ್ಲಿ ಅವರು ಹೆಚ್ಚಿನದೇನನ್ನೂ ಮಾಡಲಿಲ್ಲ. ಎರೆದರು, ತೂಗಿದರು, ಗಂಡನೊಡನೆ ಜಗಳವಾಡಿದರು. ಪುಟ್ಟಬಸಪ್ಪ ಹಗಲು ಹೊಲಿಯುವಾಗ ಕನ್ನಡಕ ಹಾಕುತ್ತಾರೆ ಎಂಬುದು ಅವರಿಗೆ ಗೊತ್ತಾದದ್ದು ಆರನೇ ದಿನ. ‘ಯಾವಾಗ್ ತಗೊಂಡ್ರೀ ಇದನ್ನ?’ ಎಂದರೆ, ‘ನಾಕು ವರ್ಷ ಆಯ್ತು. ನೀನು ಬರೋ ಹೊತ್ತಿಗೆ ಬಿಚ್ಚಿಟ್ಟಿರ್ತೀನಿ’ ಎಂದರಂತೆ. ಅವರು ಅದನ್ನು ಈಸಿಕೊಂಡು ಸೆರಗಿನಿಂದ ಒರೆಸಿ, ಹಾಕಿಸಿ ನೋಡಿ, ‘ಚೆನ್ನಾಗ್ ಕಾಣ್ತೀರಿ’ ಎಂದರಂತೆ. ಬೀದಿಯಲ್ಲಿ ಪುಟ್ಟಬಸಪ್ಪ ಈ ಮಾತನ್ನು ಕನಿಷ್ಠ ನಾಲ್ಕು ಜನಕ್ಕೆ ಹೇಳಿದ್ದು ನನಗೆ ಗೊತ್ತು.

ಮೇ ಹತ್ತೊಂಬತ್ತಕ್ಕೆ ರಜೆ ಮುಗಿದು ಶಿವನಂಜಮ್ಮ ಕೆಲಸಕ್ಕೆ ಬಂದರು. ಅದೂ ಮಂಗಳವಾರವೇ. ನನ್ನನ್ನು ಕಂಡೊಡನೆ ಕೇಳಿದರು: ‘ಈಗ ಕೇಳ್ಬಹುದಲ್ಲ ಸಾರ್. ಎಷ್ಟು ತಪ್ಪು ಬಂತು?’ ಹದಿಮೂರು ವಾರ, ವಾರಕ್ಕೆ ಇನ್ನೂರರಂತೆ ಹಸೀನಾಳ ಕೊಳವೆಗಳನ್ನು ನಾನು ಪರೀಕ್ಷಿಸಿದ್ದೆ. ‘ನಿಮ್ಮ ಗೀಟಿನ ಸರಾಸರಿ ತಪ್ಪು ಡಿಗ್ರಿಯ ನೂರರಲ್ಲಿ ನಾಲ್ಕು ಪಾಲು. ಅವಳದೂ ನೂರರಲ್ಲಿ ನಾಲ್ಕು ಪಾಲು’ ಎಂದೆ. ‘ಮೊದಲನೇ ವಾರ?’ ‘ಮೊದಲನೇ ವಾರ ಆರು. ಆಮೇಲೆ ನಾಲ್ಕು.’ ಅವರು ಹಸೀನಾಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಕೊಳವೆ ಒರೆಸುತ್ತಿದ್ದಳು. ‘ಊರಲ್ಲಿ ಯಾರಿಗೂ ಸುಳ್ಳು ಜ್ವರ ಬರ್ಲಿಲ್ವಾ?’ ‘ಇಲ್ಲ.’ ‘ಒಬ್ಬರಿಗೂ?’ ‘ನನ್ನ ಗಮನಕ್ಕೆ ಬಂದ ಹಾಗೆ ಇಲ್ಲ.’ ಅವರಿಗೆ ಬೇಜಾರಾದದ್ದು ಕಾಣುತ್ತಿತ್ತು. ಅರ್ಧ ಗಂಟೆ ಗೀಟು ಹಾಕಿದರು. ಆಮೇಲೆ ಅರವನ್ನು ಹಸೀನಾಳ ಮುಂದೆ ಇಟ್ಟು, ‘ತಗೊಳ್ಳೇ, ನಾನು ಒರೆಸ್ಕೊಡ್ತೀನಿ’ ಎಂದರು.

ಮಧ್ಯಾಹ್ನ ರಂಗಧಾಮಯ್ಯನವರ ಮೇಜಿನ ಮೇಲೆ ಇನ್ನೊಂದು ಅರ್ಜಿ ಇತ್ತು, ಮಾರನೇ ದಿನದಿಂದ ಮತ್ತೆ ತೊಂಬತ್ತು. ‘ಯಾರಿಗಮ್ಮಾ ಹುಷಾರಿಲ್ಲ?’ ‘ಎಲ್ಲ ಹುಷಾರಾಗಿದಾರೆ.’ ‘ಮದುವೆ ಗಿದುವೆ?’ ‘ಇಲ್ಲ.’ ‘ಕಾರಣ ಅಂತ ಒಂದು ಬರೀಬೇಕಲ್ಲಮ್ಮ ಇಲ್ಲಿ.’ ‘ಏನೂ ಇಲ್ಲ ಅಂತ ಬರ್ಕೊಳ್ಳಿ’ ಎಂದರು ಶಿವನಂಜಮ್ಮ. ಆ ಜಾಗದಲ್ಲಿ ಹಾಗೆ ಬರೆದ ಅರ್ಜಿಯನ್ನು ತಾವು ನೋಡಿಯೇ ಇಲ್ಲ ಎಂದು ರಂಗಧಾಮಯ್ಯ ನನ್ನ ಬಳಿ ದೂರಿಕೊಂಡರು. ಆದರೆ ಅದನ್ನು ತಿರಸ್ಕರಿಸಬೇಕೆಂಬ ನಿಯಮವೂ ಇರಲಿಲ್ಲ.

ಐದೂವರೆಗೆ ನಾನು ಅಳತೆಯ ಚಕ್ರ ತಂದಿದ್ದೆ. ಜನವರಿಯಲ್ಲದ ತಿಂಗಳಿನಲ್ಲಿ ಅಳೆಯುವುದು ವಾಡಿಕೆಯಲ್ಲ, ಆದರೆ ಅವರೇ ಕೇಳಿದ್ದರು. ಮಂಗಳಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತಾಯಿ ರಸ್ತೆಗಿಳಿದ ಮೇಲೆ ಸ್ವಲ್ಪ ಹೊತ್ತು ನೋಡಿ, ತಾನೂ ಇಳಿದು ಬಂದು, ಅವರ ಪಕ್ಕದಲ್ಲಿ ನಿಂತಳು. ‘ನೀನ್ಯಾಕೇ ಬಂದೆ? ಹಾಗೇ ನಿಂತಿರ್ಬೇಕು, ಒಂದ್ ಗಂಟೆ ಮೇಲಾಗುತ್ತೆ’ ಎಂದರು ಶಿವನಂಜಮ್ಮ. ‘ನಿಂತಿರ್ತೀನಿ. ನೀನು ನಡಿ’ ಎಂದಳು ಅವಳು. ಸಂಜೆ ಬಿಸಿಲು ಇಳಿದಿತ್ತು. ತಾಯಿ ಚಕ್ರ ತಳ್ಳುತ್ತ ಬೀಸುಗಾಲಿನಲ್ಲಿ ನಡೆಯುತ್ತಿದ್ದರು, ಮಗಳು ನಿಮಿಷಕ್ಕೊಮ್ಮೆ ಪಾದ ಸರಿಸುತ್ತ ಗಂಡನ ಊರಿಗೆ ಯಾವಾಗ ಹೊರಡಬೇಕು, ಮಗುವಿಗೆ ಏನು ಹೆಸರಿಡಬೇಕು ಎಂದೆಲ್ಲ ಮಾತಾಡುತ್ತಿದ್ದಳು. ಅಜ್ಜಿಯ ಹೆಸರು ಬೇಡವೇ ಬೇಡ ಎಂದು ಶಿವನಂಜಮ್ಮ ಹಟ ಹಿಡಿದರು.

ನನ್ನ ಲೆಕ್ಕವನ್ನು ಮೊದಲೇ ಹೇಳಿಟ್ಟಿದ್ದೆ. ತೊಂಬತ್ತರಲ್ಲಿ ಎರಡು ಹೋದವು. ಎಂಬತ್ತೆಂಟು ದಿನ ಕಳೆದರೆ ಐದು ಸಾವಿರದ ಆರುನೂರ ಹತ್ತು ಬರಬೇಕು. ಹೊಸ್ತಿಲಲ್ಲಿ ಚಕ್ರ ತೋರಿಸಿದ್ದು ಅದಕ್ಕಿಂತ ಇಪ್ಪತ್ತನಾಲ್ಕು ಹೆಚ್ಚು. ಚಕ್ರದ ಅಚ್ಚು ಸಡಿಲವಾಗಿದೆಯೇ ಎಂದು ನಾನು ಬಗ್ಗಿ ನೋಡುತ್ತಿದ್ದೆ. ‘ಚಕ್ರ ಸರಿಯಾಗಿದೆ ಸಾರ್’ ಎಂದರು ಶಿವನಂಜಮ್ಮ. ‘ಇನ್ನೊಂದು ದಿನ ಹೋಗಿದೆ. ಏಪ್ರಿಲ್‌ನಲ್ಲಿ. ಯಾರ ಹತ್ರಾನೂ ಮಾತಾಡ್ಲಿಲ್ಲ. ತೊಟ್ಲು ತೂಗ್ತಾ ಬೆಳಗಿಂದ ಸಂಜೆ ತನಕ ಅಲ್ಲೇ ಇದ್ದೆ, ಆ ಮೇಜಿನ ಹತ್ರ.’ ಮಂಗಳಾ ನಕ್ಕು, ‘ನಂಗೊತ್ತಿತ್ತು. ಅವತ್ತು ಮೂರು ಸಲ ಕರೆದೆ, ಕೇಳಿಸ್ಲೇ ಇಲ್ಲ ನಿಂಗೆ’ ಎಂದಳು. ಮಗುವನ್ನು ತಾಯಿಯ ಕೈಗೆ ಕೊಟ್ಟಳು. ಶಿವನಂಜಮ್ಮ ಅದನ್ನು ಎತ್ತಿಕೊಂಡು, ‘ನಾಳೆಯಿಂದ ನೋಡ್ತೀನಿ’ ಎಂದು ಒಳಗೆ ಹೋದರು. ನಾನು ಬೀದಿ ದೀಪದ ಕೆಳಗೆ ಪುಸ್ತಕ ತೆರೆದು, ಹತ್ತೊಂಬತ್ತನೇ ಮೇ, ಸಂಜೆ ಆರು ಗಂಟೆ ಮೂವತ್ತೆಂಟು ನಿಮಿಷ ಎಂದು ಬರೆದೆ. ಶಿವನಂಜಮ್ಮನ ವಾಪಸ್ ದಾರಿ, ಐದು ಸಾವಿರದ ಆರುನೂರ ಮೂವತ್ತನಾಲ್ಕು ಮೀಟರ್.